ಕ್ಯಾನ್ಸರ್ ತಡೆಯಲು ಊಟ-ತಿಂಡಿಯಲ್ಲಿ ಮೊದಲು ಏನು ಬದಲಿಸಬೇಕು?

"ಏನು ತಿಂದರೆ ಕ್ಯಾನ್ಸರ್ ಬರೋದಿಲ್ಲ?" ಓದುಗರು ಈ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ. ಹೀಗೆ ಕೇಳುವ ಎಷ್ಟೋ ಜನರ ಮನೆಯಲ್ಲಿ ಯಾರಿಗೋ ಕಾಯಿಲೆ ಬಂದಿರುತ್ತದೆ. ಮುಂದಿನ ಸರದಿ ತಮ್ಮದೇ ಇರಬಹುದಾ ಅನ್ನುವ ಭಯ ಅವರಿಗೆ. ಅದಕ್ಕೇ ನೇರವಾಗಿ ಹೇಳಿಬಿಡುತ್ತೇನೆ. ಇದನ್ನು ತಿಂದರೆ ಕ್ಯಾನ್ಸರ್ ಬರುವುದೇ ಇಲ್ಲ ಎನ್ನುವಂಥ ಪದಾರ್ಥ ಒಂದೂ ಇಲ್ಲ. ಆದರೆ ತಿನ್ನುವ, ಕುಡಿಯುವ ಅಭ್ಯಾಸ ಬದಲಿಸಿಕೊಂಡರೆ ಅಪಾಯ ಕಡಿಮೆಯಾಗುತ್ತದೆ. ಅದರಲ್ಲೂ ಹೊಸದಾಗಿ ಏನು ತಿನ್ನಬೇಕು ಅನ್ನುವುದಕ್ಕಿಂತ, ಈಗ ತಿನ್ನುವುದರಲ್ಲಿ ಏನನ್ನು ಮೊದಲು ಕಡಿಮೆ ಮಾಡಬೇಕು ಅನ್ನುವುದೇ ದೊಡ್ಡ ವಿಷಯ. ಕೆಳಗಿನ ಹಂತಗಳನ್ನು ಆ ಲೆಕ್ಕದಲ್ಲೇ ಜೋಡಿಸಿದ್ದೇನೆ. ಸಾಧ್ಯವಾದಷ್ಟೂ ಇದೇ ಕ್ರಮದಲ್ಲಿ ಹೋಗಿ.

ಮೊದಲಿಗೆ ಒಂದಿಷ್ಟು ಹಿನ್ನೆಲೆ. ಒಟ್ಟು ಕ್ಯಾನ್ಸರ್‌ಗಳಲ್ಲಿ ಶೇ. 30ರಿಂದ 50ರಷ್ಟನ್ನು ತಡೆಯಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದರೆ ಈ ಲೆಕ್ಕದಲ್ಲಿ ತಂಬಾಕು, ಮದ್ಯ, ಸೋಂಕು, ಬೊಜ್ಜು, ಆಹಾರ ಎಲ್ಲವೂ ಸೇರಿವೆ. ಊಟ ಒಂದರಿಂದಲೇ ಅಷ್ಟೂ ಆಗುತ್ತದೆ ಅಂತ ಅಲ್ಲ. 1981ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳಾದ ರಿಚರ್ಡ್ ಡಾಲ್ ಮತ್ತು ರಿಚರ್ಡ್ ಪೀಟೊ, ಅಮೆರಿಕದ ಕ್ಯಾನ್ಸರ್ ಸಾವುಗಳಲ್ಲಿ ಸುಮಾರು ಶೇ. 35ಕ್ಕೆ ಆಹಾರ ಕಾರಣ ಇರಬಹುದು ಎಂದು ಅಂದಾಜು ಮಾಡಿದ್ದರು. ಅದು ಶೇ. 10ರಿಂದ 70ರ ನಡುವೆ ಎಲ್ಲಾದರೂ ಇರಬಹುದು ಅಂತಲೂ ಅವರೇ ಹೇಳಿದ್ದರು. ಜನ 35 ಅನ್ನುವುದನ್ನು ನೆನಪಿಟ್ಟುಕೊಂಡರು, ಉಳಿದದ್ದನ್ನು ಮರೆತರು. ಮುಂದೆ ಯುರೋಪಿನ 10 ದೇಶಗಳಲ್ಲಿ ಲಕ್ಷಾಂತರ ಜನರ ಆಹಾರವನ್ನು ಅಧ್ಯಯನ ಮಾಡಿದರು. ಅದರ ಫಲಿತಾಂಶ 2010ರಲ್ಲಿ ಬಂತು. ದಿನಕ್ಕೆ 200 ಗ್ರಾಂ ಹಣ್ಣು-ತರಕಾರಿ ಜಾಸ್ತಿ ತಿನ್ನುವವರಲ್ಲಿ ಒಟ್ಟಾರೆ ಕ್ಯಾನ್ಸರ್ ಅಪಾಯ ಶೇ. 3ರಷ್ಟು ಮಾತ್ರ ಕಡಿಮೆ ಇತ್ತು. ಲಾಭ ಇದೆ, ಆದರೆ ಪವಾಡ ಅಲ್ಲ.

ಹಾಗೆಯೇ, ಶುದ್ಧವಾಗಿ ತಿಂದು ಬದುಕಿದವರಿಗೂ ಕ್ಯಾನ್ಸರ್ ಬರುತ್ತದೆ. ಜೀವಕೋಶಗಳು ಒಡೆದು ಎರಡಾಗುವಾಗ ತಮ್ಮಷ್ಟಕ್ಕೆ ಆಗುವ ತಪ್ಪುಗಳೂ ಕಾರಣವಾಗುತ್ತವೆ. ಆದ್ದರಿಂದ ಕಾಯಿಲೆಯಲ್ಲಿರುವವರ ಎದುರು ಕೂತು "ನೀವು ಏನು ತಿಂತಾ ಇದ್ರಿ?" ಎಂದು ದಯವಿಟ್ಟು ಕೇಳಬೇಡಿ.

ಶುರು ಮಾಡಲು ಬೇಕಾದದ್ದು

ಒಂದು ನೋಟ್‌ಬುಕ್, ಬಟ್ಟೆ ಹೊಲಿಯುವವರು ಬಳಸುವ ಅಳತೆ ಟೇಪು, ಸಾಧ್ಯವಾದರೆ ಅಡುಗೆಮನೆಯ ಚಿಕ್ಕ ತಕ್ಕಡಿ. ಇಷ್ಟೇ ಸಾಕು. ಪುಡಿ, ಕಷಾಯ, ಮಾತ್ರೆ ಯಾವುದೂ ಬೇಡ.

ಇದರ ಜೊತೆಗೆ ಎರಡು ಮಾತು ಅರ್ಥವಾಗಿದ್ದರೆ ಪತ್ರಿಕೆಯಲ್ಲಿ ಬರುವ ಸುದ್ದಿ ನಿಮ್ಮನ್ನು ಹೆದರಿಸುವುದಿಲ್ಲ.

ಒಂದು, "ಗುಂಪು 1". ವಿಶ್ವ ಆರೋಗ್ಯ ಸಂಸ್ಥೆಯ ಭಾಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಪದಾರ್ಥಗಳನ್ನು ಗುಂಪುಗಳಾಗಿ ಮಾಡುತ್ತದೆ. ಸಂಸ್ಕರಿಸಿದ ಮಾಂಸವೂ (ಸಾಸೇಜ್, ಬೇಕನ್‌ನಂಥದ್ದು) ಗುಂಪು 1ರಲ್ಲಿದೆ, ತಂಬಾಕೂ ಗುಂಪು 1ರಲ್ಲಿದೆ. ಹಾಗಂತ ಎರಡೂ ಒಂದೇ ಮಟ್ಟದ ಅಪಾಯ ಅಲ್ಲ. ಕ್ಯಾನ್ಸರ್ ತರುತ್ತದೆ ಅನ್ನುವುದಕ್ಕೆ ಸಾಕ್ಷ್ಯ ಎಷ್ಟು ಗಟ್ಟಿ ಅನ್ನುವುದನ್ನು ಮಾತ್ರ ಈ ಗುಂಪು ಹೇಳುತ್ತದೆ. ಗುಂಪು 1 ಅಂದರೆ ಸಾಕ್ಷ್ಯ ಅತಿ ಗಟ್ಟಿ. ಅಪಾಯ ಎಷ್ಟು ದೊಡ್ಡದು ಅಂತ ಹೇಳುವುದಿಲ್ಲ. 2023ರ ಜುಲೈನಲ್ಲಿ ಆಸ್ಪರ್ಟೇಮ್ ಎಂಬ ಕೃತಕ ಸಿಹಿ "2ಬಿ" ಗುಂಪಿಗೆ ಸೇರಿದಾಗ ಎಷ್ಟೋ ಜನ ಗಾಬರಿಯಾದರು. 2ಬಿ ಅಂದರೆ ಸಾಕ್ಷ್ಯ ಇನ್ನೂ ಸೀಮಿತ ಅಂತ ಅರ್ಥ.

ಎರಡು, "ಶೇ. 18 ಅಪಾಯ ಹೆಚ್ಚು" ಎನ್ನುವಂಥ ಲೆಕ್ಕ. ದಿನಾ 50 ಗ್ರಾಂ ಸಂಸ್ಕರಿಸಿದ ಮಾಂಸ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಶೇ. 18ರಷ್ಟು ಏರುತ್ತದೆ ಎಂದು 2015ರಲ್ಲಿ ಇದೇ ಸಂಸ್ಥೆ ಹೇಳಿತು. ತಿಂದ ನೂರು ಜನರಲ್ಲಿ 18 ಜನರಿಗೆ ಕಾಯಿಲೆ ಬರುತ್ತದೆ ಅಂತ ಇದನ್ನು ಓದಬಾರದು. ಉದಾಹರಣೆಗೆ ನೂರು ಜನರಲ್ಲಿ 5 ಜನರಿಗೆ ಬರುವಂತಿದ್ದರೆ, ಆ ನೂರೂ ಜನ ದಿನಾ ಇದನ್ನು ತಿಂದಾಗ ಅದು ಸುಮಾರು 6 ಆಗುತ್ತದೆ. ಯಾವ ಸುದ್ದಿ ಓದಿದರೂ "ಎಷ್ಟರ ಮೇಲೆ ಶೇ. 18?" ಎಂದು ಕೇಳಿಕೊಳ್ಳಿ.

ಹಂತ 1: ಒಂದು ವಾರ ಸುಮ್ನೆ ಬರೆದಿಡಿ

ಏನನ್ನೂ ಬದಲಿಸಬೇಡಿ. ತಿಂದದ್ದು, ಕುಡಿದದ್ದು ಎಲ್ಲವನ್ನೂ ಆಗಿಂದಾಗ್ಗೆ ಬರೆಯಿರಿ. ರಾತ್ರಿ ಒಟ್ಟಿಗೆ ಬರೆಯೋಣ ಅಂದುಕೊಂಡರೆ ಟೀ ಜೊತೆ ತಿಂದ ಬಿಸ್ಕತ್ತು, ಮಕ್ಕಳ ತಟ್ಟೆಯಲ್ಲಿ ಉಳಿದದ್ದು, ಸಂಜೆಯ ತಂಪು ಪಾನೀಯ ಇವೆಲ್ಲ ಮರೆತೇ ಹೋಗುತ್ತವೆ. ರಜಾ ದಿನಗಳೂ ಆ ವಾರದಲ್ಲಿ ಇರಲಿ. ವಾರ ಮುಗಿದ ಮೇಲೆ ಮದ್ಯ, ಸಿಹಿ ಪಾನೀಯ, ಸಂಸ್ಕರಿಸಿದ ಮಾಂಸ, ಕರಿದ ಮತ್ತು ಪ್ಯಾಕೆಟ್ ತಿಂಡಿಗಳಿಗೆ ಒಂದು ಬಣ್ಣದಲ್ಲಿ ಗೆರೆ ಎಳೆಯಿರಿ. ಕಾಳು, ತರಕಾರಿ, ಹಣ್ಣು, ಇಡೀ ಧಾನ್ಯಕ್ಕೆ ಇನ್ನೊಂದು ಬಣ್ಣ. ನಿಮ್ಮ ಕೆಲಸ ಎಲ್ಲಿದೆ ಅನ್ನುವುದು ಆಗ ಕಣ್ಣಿಗೇ ಕಾಣುತ್ತದೆ.

ಹಂತ 2: ಮದ್ಯ

ಆಹಾರದ ಲೇಖನದಲ್ಲಿ ಇದು ಮೊದಲು ಯಾಕೆ ಅಂತ ಕೇಳಬಹುದು. ತಿನ್ನುವ, ಕುಡಿಯುವ ವಸ್ತುಗಳಲ್ಲಿ ಸಾಕ್ಷ್ಯ ಅತಿ ಗಟ್ಟಿಯಾಗಿರುವವುಗಳಲ್ಲಿ ಇದೂ ಒಂದು. ಮದ್ಯ 1988ರಿಂದಲೇ ಗುಂಪು 1ರಲ್ಲಿದೆ. ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳ, ಲಿವರ್, ದೊಡ್ಡ ಕರುಳು, ಸ್ತನ: ಇಷ್ಟೂ ಕಡೆಯ ಕ್ಯಾನ್ಸರ್‌ಗೆ ಇದು ಕಾರಣವಾಗುತ್ತದೆ. ದೇಹದಲ್ಲಿ ಮದ್ಯ ಒಡೆದು ಅಸಿಟಾಲ್ಡಿಹೈಡ್ ಎಂಬ ರಾಸಾಯನಿಕ ಆಗುತ್ತದೆ. ಅದು ಜೀವಕೋಶದ ಡಿಎನ್‌ಎಯನ್ನೇ ಹಾಳು ಮಾಡುತ್ತದೆ. ಬಿಯರ್, ವೈನ್, ವಿಸ್ಕಿ ಯಾವುದಾದರೂ ಒಳಗಿರುವ ಆಲ್ಕೋಹಾಲ್ ಒಂದೇ.

ಇಲ್ಲಿ ಜನ ಎಡವುವುದು "ಸ್ವಲ್ಪ ಕುಡಿದರೆ ಹೃದಯಕ್ಕೆ ಒಳ್ಳೇದಂತೆ" ಅನ್ನುವ ಮಾತಿಗೆ. ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನುವಂಥ ಮಟ್ಟ ಇಲ್ಲವೇ ಇಲ್ಲ ಎಂದು 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಕುಡಿಯುವ ಅಭ್ಯಾಸ ಇಲ್ಲದಿದ್ದರೆ ಶುರು ಮಾಡಬೇಡಿ. ಇದ್ದರೆ ಬಿಡಿ, ಆಗದಿದ್ದರೆ ಕಡಿಮೆ ಮಾಡುತ್ತಾ ಬನ್ನಿ. ತುಂಬಾ ವರ್ಷಗಳಿಂದ ದಿನಾ ಜಾಸ್ತಿ ಕುಡಿಯುವವರು ಮಾತ್ರ ಏಕಾಏಕಿ ನಿಲ್ಲಿಸಬಾರದು. ನಡುಕ, ಫಿಟ್ಸ್ ಬರಬಹುದು. ಡಾಕ್ಟರ್ ಸಹಾಯ ತೆಗೆದುಕೊಂಡೇ ಬಿಡಿ.

ತಂಬಾಕು ಆಹಾರವಲ್ಲ, ಆದರೂ ಹೇಳದೆ ಇರಲಾರೆ. ಸೇದುತ್ತಾ ಅಥವಾ ಜಗಿಯುತ್ತಾ ಇದ್ದು, ಊಟದಲ್ಲಿ ಮಾತ್ರ ಕಟ್ಟುನಿಟ್ಟು ಮಾಡಿದರೆ ದೊಡ್ಡ ಬಾಗಿಲು ತೆಗೆದಿಟ್ಟು ಕಿಟಕಿ ಮುಚ್ಚಿದ ಹಾಗೆ. ತಂಬಾಕು, ಮದ್ಯ ಎರಡೂ ಸೇರಿದರೆ ಬಾಯಿ-ಗಂಟಲಿನ ಕ್ಯಾನ್ಸರ್ ಅಪಾಯ ಇನ್ನೂ ಎಷ್ಟೋ ಪಟ್ಟು ಏರುತ್ತದೆ.

ಹಂತ 3: ಸೊಂಟದ ಅಳತೆ

ಮೈಯಲ್ಲಿ ಕೊಬ್ಬು ಜಾಸ್ತಿಯಾದರೆ 13 ಬಗೆಯ ಕ್ಯಾನ್ಸರ್ ಅಪಾಯ ಹೆಚ್ಚುತ್ತದೆ ಎಂದು 2016ರಲ್ಲಿ ತಜ್ಞರು ತೀರ್ಮಾನಿಸಿದರು. ದೊಡ್ಡ ಕರುಳು, ಗರ್ಭಕೋಶದ ಒಳಪದರ, ಕಿಡ್ನಿ, ಲಿವರ್, ಪಿತ್ತಕೋಶ, ಮುಟ್ಟು ನಿಂತ ಮೇಲಿನ ಸ್ತನ ಕ್ಯಾನ್ಸರ್ ಇವೆಲ್ಲ ಆ ಪಟ್ಟಿಯಲ್ಲಿವೆ. ಕೊಬ್ಬು ಸುಮ್ಮನೆ ಒಂದು ಕಡೆ ಕೂತಿರುವುದಿಲ್ಲ. ಅದು ಈಸ್ಟ್ರೊಜೆನ್ ಹಾರ್ಮೋನು ತಯಾರಿಸುತ್ತದೆ, ರಕ್ತದಲ್ಲಿ ಇನ್ಸುಲಿನ್ ಏರುವಂತೆ ಮಾಡುತ್ತದೆ, ಮೈಯೊಳಗೆ ಸಣ್ಣ ಮಟ್ಟದ ಉರಿಯೂತವನ್ನು ಸದಾ ಉಳಿಸುತ್ತದೆ. ಈ ಮೂರೂ ಜೀವಕೋಶಗಳನ್ನು ಬೇಗ ಬೇಗ ಬೆಳೆಯುವಂತೆ ದೂಡುತ್ತವೆ.

ಅಳೆಯುವುದು ಹೀಗೆ: ಬರಿಗಾಲಲ್ಲಿ ನೆಟ್ಟಗೆ ನಿಲ್ಲಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲ್ತುದಿಗೂ ನಡುವಿನ ಜಾಗದಲ್ಲಿ ಟೇಪು ಸುತ್ತಿ. ಉಸಿರು ಬಿಟ್ಟ ಮೇಲೆ ಓದಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ, ಟೇಪನ್ನು ಬಿಗಿಯಬೇಡಿ. ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ. ಎತ್ತರ 160 ಸೆಂ.ಮೀ. ಇದ್ದರೆ ಸೊಂಟ 80ರ ಒಳಗೆ.

ಇಳಿಸಬೇಕಿದ್ದರೆ ಕುಡಿಯುವ ಸಕ್ಕರೆಯಿಂದ ಶುರು ಮಾಡಿ. 330 ಮಿ.ಲೀ. ಕೋಲಾದಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ, ಹೊಟ್ಟೆ ಮಾತ್ರ ತುಂಬುವುದಿಲ್ಲ. ಜೊತೆಗೆ ವಾರಕ್ಕೆ 150ರಿಂದ 300 ನಿಮಿಷ ಬಿರುಸಿನ ನಡಿಗೆ ಅಥವಾ ಅಂಥದ್ದೇ ಓಡಾಟ ಇರಲಿ. ತಿಂಗಳಲ್ಲಿ ಹತ್ತು ಕೆಜಿ ಇಳಿಸುವ ಯೋಜನೆಗಳ ಹಿಂದೆ ಹೋಗಬೇಡಿ. ಹಾಗೆ ಇಳಿದ ತೂಕ ಬಹುಪಾಲು ವಾಪಸ್ ಬರುತ್ತದೆ.

"ಸಕ್ಕರೆ ಪೂರ್ತಿ ಬಿಟ್ಟರೆ ಕ್ಯಾನ್ಸರ್ ಹಸಿದು ಸಾಯುತ್ತಂತೆ, ನಿಜಾನಾ?" ಅಂತ ಬಹಳ ಜನ ಕೇಳುತ್ತಾರೆ. ನಿಜ ಅಲ್ಲ. ದೇಹದ ಎಲ್ಲ ಜೀವಕೋಶಗಳೂ ಗ್ಲೂಕೋಸ್ ಬಳಸುತ್ತವೆ. ನೀವು ಸಕ್ಕರೆ ತಿನ್ನದಿದ್ದರೂ ಲಿವರ್ ಅದನ್ನು ತಾನೇ ತಯಾರಿಸುತ್ತದೆ. ಸಕ್ಕರೆ ಕಡಿಮೆ ಮಾಡಬೇಕಾದ್ದು ತೂಕದ ಕಾರಣಕ್ಕೆ.

ಹಂತ 4: ಮಾಂಸ ತಿನ್ನುವವರಿಗೆ

ಸಂಸ್ಕರಿಸಿದ ಮಾಂಸ ಅಂದರೆ ಉಪ್ಪು, ಹೊಗೆ ಅಥವಾ ರಾಸಾಯನಿಕ ಹಾಕಿ ಕೆಡದಂತೆ ಮಾಡಿದ್ದು: ಸಾಸೇಜ್, ಸಲಾಮಿ, ಹ್ಯಾಮ್, ಬೇಕನ್. ಇದನ್ನು ಎಷ್ಟು ಕಡಿಮೆ ತಿಂದರೆ ಅಷ್ಟು ಒಳ್ಳೆಯದು. ಪ್ಯಾಕೆಟ್ ತಿರುಗಿಸಿ ಸಣ್ಣ ಅಕ್ಷರ ಓದಿ. 250 ಎಂಬ ಸಂಖ್ಯೆ ಕಂಡರೆ ಅದು ಸೋಡಿಯಂ ನೈಟ್ರೈಟ್. 251 ಮತ್ತು 252 ನೈಟ್ರೇಟ್‌ಗಳು. ಇವು ಮಾಂಸದಲ್ಲಿ, ಹೊಟ್ಟೆಯೊಳಗೆ ಎನ್-ನೈಟ್ರೊಸೊ ಎಂಬ ಸಂಯುಕ್ತಗಳಾಗಿ ಬದಲಾಗುತ್ತವೆ. ಅವುಗಳಲ್ಲಿ ಹಲವು ಕ್ಯಾನ್ಸರ್ ತರುವಂಥವು.

ಕೆಂಪು ಮಾಂಸ, ಅಂದರೆ ಕುರಿ, ಆಡು, ಹಂದಿ, ದನದ ಮಾಂಸ, "2ಎ" ಗುಂಪಿನಲ್ಲಿದೆ. ಬಹುಶಃ ಕ್ಯಾನ್ಸರ್‌ಕಾರಕ ಎಂದು ಅದರ ಅರ್ಥ. ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿ ಹೇಳುವಂತೆ ವಾರಕ್ಕೆ 350ರಿಂದ 500 ಗ್ರಾಂ ದಾಟಬಾರದು. ಇದು ಬೇಯಿಸಿದ ಮೇಲಿನ ತೂಕ. ಹಸಿ ಮಾಂಸ ಇದಕ್ಕಿಂತ ಜಾಸ್ತಿ ತೂಗುತ್ತದೆ. ಕೋಳಿ, ಮೀನು, ಮೊಟ್ಟೆ ಈ ಲೆಕ್ಕಕ್ಕೆ ಬರುವುದಿಲ್ಲ.

ಬೆಂಕಿಯ ಮೇಲೆ ಸುಟ್ಟು ಕಪ್ಪಾದ ಭಾಗವನ್ನು ಕತ್ತರಿಸಿ ಬಿಸಾಡಿ. ಮಾಂಸವನ್ನು ತುಂಬಾ ಹೆಚ್ಚು ಶಾಖಕ್ಕೆ ಒಡ್ಡಿದಾಗ ಡಿಎನ್‌ಎಗೆ ಹಾನಿ ಮಾಡುವ ರಾಸಾಯನಿಕಗಳು ಅಲ್ಲಿ ಹುಟ್ಟುತ್ತವೆ. ಬೇಯಿಸುವುದು ಅದಕ್ಕಿಂತ ಉತ್ತಮ.

ಸಸ್ಯಾಹಾರಿಗಳು ಈ ಹಂತವನ್ನು ಬಿಟ್ಟು ಮುಂದೆ ಹೋಗಬಹುದು. ಆದರೆ "ನಾವು ಮಾಂಸ ತಿನ್ನೋದಿಲ್ಲ, ನಮಗೇನು" ಅನ್ನುವ ನೆಮ್ಮದಿ ಬೇಡ. ಕರಿದದ್ದು, ಸಿಹಿ, ಪಾಲಿಶ್ ಮಾಡಿದ ಧಾನ್ಯದಲ್ಲೇ ದಿನ ಕಳೆದರೆ ಹಂತ 3ರ ತೊಂದರೆ ನಿಮ್ಮದೂ ಹೌದು.

ಹಂತ 5: ನಾರು ಮತ್ತು ತರಕಾರಿ

ಈಗ ಸೇರಿಸುವ ಕೆಲಸ. ದಿನಕ್ಕೆ ಕನಿಷ್ಠ 25 ಗ್ರಾಂ ನಾರು, 400 ಗ್ರಾಂ ಹಣ್ಣು-ತರಕಾರಿ. ದೊಡ್ಡವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಅಳತೆ ಇದು. ಆಲೂಗಡ್ಡೆ, ಗೆಣಸಿನಂಥ ಗಡ್ಡೆಗಳು 400ರ ಲೆಕ್ಕದಲ್ಲಿ ಇಲ್ಲ. ಒಂದೇ ಒಂದು ದಿನ ತಕ್ಕಡಿಯಲ್ಲಿ ತೂಗಿ ನೋಡಿ. ನಾವು ಅಂದುಕೊಂಡದ್ದಕ್ಕಿಂತ ಎಷ್ಟು ಕಡಿಮೆ ತಿನ್ನುತ್ತಿದ್ದೇವೆ ಅಂತ ತಿಳಿಯುತ್ತದೆ. ಅದಾದ ಮೇಲೆ ತೂಗುವುದು ಬೇಡ, ಪ್ರತಿ ಊಟದಲ್ಲೂ ಅರ್ಧ ತಟ್ಟೆ ತರಕಾರಿ-ಹಣ್ಣು ಇರುವಂತೆ ನೋಡಿಕೊಂಡರೆ ಸಾಕು.

ನಾರು ದೊಡ್ಡ ಕರುಳಿಗೆ ಯಾಕೆ ಒಳ್ಳೆಯದು ಗೊತ್ತಾ? ನಮ್ಮ ದೇಹಕ್ಕೆ ಅದನ್ನು ಜೀರ್ಣಿಸಲು ಆಗುವುದಿಲ್ಲ. ಅದು ಹಾಗೇ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿರುವ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಬ್ಯುಟಿರೇಟ್ ಎಂಬ ಕೊಬ್ಬಿನಾಮ್ಲ ತಯಾರಿಸುತ್ತವೆ. ಕರುಳಿನ ಒಳಗೋಡೆಯ ಜೀವಕೋಶಗಳಿಗೆ ಅದೇ ಮುಖ್ಯ ಆಹಾರ. ಜೊತೆಗೆ ಮಲ ಬೇಗ ಮುಂದಕ್ಕೆ ಸಾಗುತ್ತದೆ. ಕೆಟ್ಟ ರಾಸಾಯನಿಕಗಳು ಕರುಳಿಗೆ ತಾಗಿಕೊಂಡಿರುವ ಹೊತ್ತು ಕಡಿಮೆಯಾಗುತ್ತದೆ. ದಿನಕ್ಕೆ 10 ಗ್ರಾಂ ನಾರು ಜಾಸ್ತಿ ತಿನ್ನುವವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಸುಮಾರು ಶೇ. 10 ಕಡಿಮೆ ಕಂಡುಬಂದಿದೆ.

ಸುಲಭವಾದ ದಾರಿ ಕಾಳು. ಬೇಯಿಸಿದ ಕಾಳು 100 ಗ್ರಾಂ ತಿಂದರೆ ಸುಮಾರು 7 ಗ್ರಾಂ ನಾರು ಸಿಗುತ್ತದೆ. ಸಿಪ್ಪೆ ಸಮೇತ ಒಂದು ಸೇಬು ತಿಂದರೆ 4 ಗ್ರಾಂ. ಅದೇ ಸೇಬನ್ನು ಜ್ಯೂಸ್ ಮಾಡಿ ಸೋಸಿದರೆ ನಾರು ಜರಡಿಯಲ್ಲೇ ಉಳಿಯುತ್ತದೆ.

ಬ್ರೆಡ್ ಕೊಳ್ಳುವಾಗ ಕಂದು ಬಣ್ಣ ನೋಡಿ ನಂಬಬೇಡಿ. ಕ್ಯಾರಮೆಲ್ ಹಾಕಿಯೂ ಆ ಬಣ್ಣ ಬರಿಸುತ್ತಾರೆ. ಪ್ಯಾಕೆಟ್ ಮೇಲಿನ ಪದಾರ್ಥಗಳ ಪಟ್ಟಿ ತೂಕದ ಕ್ರಮದಲ್ಲಿ ಇರುತ್ತದೆ, ಜಾಸ್ತಿ ಹಾಕಿದ್ದು ಮೊದಲು. ಮೊದಲ ಸಾಲಿನಲ್ಲೇ ಇಡೀ ಗೋಧಿ ಹಿಟ್ಟು ಇದೆಯೋ, ಮೈದಾ ಇದೆಯೋ ನೋಡಿ. ಮೈದಾಕ್ಕೆ "ಸಂಸ್ಕರಿಸಿದ ಗೋಧಿ ಹಿಟ್ಟು" ಅಂತಲೂ ಬರೆದಿರುತ್ತಾರೆ, ಮೋಸ ಹೋಗಬೇಡಿ.

ಮತ್ತೊಂದು ಎಚ್ಚರಿಕೆ. ನಾರನ್ನು ಒಂದೇ ದಿನ ದುಪ್ಪಟ್ಟು ಮಾಡಿದರೆ ಹೊಟ್ಟೆ ಉಬ್ಬರ, ಗ್ಯಾಸ್ ಶುರುವಾಗುತ್ತದೆ. "ನನಗೆ ಇದು ಆಗಿಬರಲ್ಲ" ಅಂತ ಬಿಟ್ಟುಬಿಡುತ್ತೀರಿ. ಎರಡು-ಮೂರು ವಾರ ತೆಗೆದುಕೊಂಡು ಸ್ವಲ್ಪ ಸ್ವಲ್ಪ ಏರಿಸಿ, ನೀರು ಚೆನ್ನಾಗಿ ಕುಡಿಯಿರಿ.

ಹಂತ 6: ಬೂಷ್ಟು, ಉಪ್ಪು, ಸುಡುವ ಬಿಸಿ

ಈ ಮೂರರಲ್ಲಿ ಬೂಷ್ಟಿನ ಬಗ್ಗೆ ಎಚ್ಚರ ತುಂಬಾ ಕಡಿಮೆ. ಕಡಲೆಕಾಯಿ, ಮೆಕ್ಕೆಜೋಳ, ಒಣಮೆಣಸಿನಕಾಯಿ ಇಂಥವು ಸರಿಯಾಗಿ ಒಣಗದೆ ಬೆಚ್ಚಗಿನ, ತೇವದ ಜಾಗದಲ್ಲಿ ಕೂತರೆ ಆಸ್ಪರ್‌ಜಿಲಸ್ ಎಂಬ ಬೂಷ್ಟು ಬೆಳೆಯುತ್ತದೆ. ಅದು ಬಿಡುವ ವಿಷವೇ ಅಫ್ಲಟಾಕ್ಸಿನ್. ಲಿವರ್ ಕ್ಯಾನ್ಸರ್‌ಗೆ ಇದು ಖಚಿತ ಕಾರಣ. ಹೆಪಟೈಟಿಸ್ ಬಿ ಎಂಬ ಲಿವರ್ ಸೋಂಕು ಇರುವವರಲ್ಲಂತೂ ಅಪಾಯ ಹಲವು ಪಟ್ಟು ಹೆಚ್ಚು. ಹುರಿದರೆ, ಬೇಯಿಸಿದರೆ ಈ ವಿಷ ಪೂರ್ತಿ ಹೋಗುವುದಿಲ್ಲ. "ಬಿಸಿಲಿಗೆ ಹಾಕಿ ಹುರಿದುಬಿಟ್ಟರೆ ಸರಿಹೋಗುತ್ತೆ" ಅನ್ನುವುದೇ ಇಲ್ಲಿ ಎಲ್ಲರೂ ಮಾಡುವ ತಪ್ಪು.

ಕಡಲೆಬೀಜವನ್ನು ಅಗಲವಾದ ತಟ್ಟೆಗೆ ಸುರಿದು, ಬೆಳಕಿನಲ್ಲಿ ಬೆರಳಾಡಿಸುತ್ತಾ ನೋಡಿ. ಮುರುಟಿದ್ದು, ಬಣ್ಣ ಮಾಸಿದ್ದು, ಹಸಿರು ಅಥವಾ ಕಪ್ಪು ಪುಡಿ ಹಿಡಿದದ್ದು, ಹುಳ ಕೊರೆದದ್ದು ಕಂಡರೆ ತೆಗೆದುಬಿಡಿ. ಬೀಜವನ್ನು ಎರಡು ಹೋಳು ಮಾಡಿದಾಗ ನಡುವಿನ ಸಂದಿಯಲ್ಲೂ ಬೂಷ್ಟು ಇರಬಹುದು. ತಿನ್ನುವಾಗ ಒಂದು ಬೀಜ ಕಹಿಯಾದರೆ ನುಂಗಬೇಡಿ, ಉಗುಳಿ. ಇಡೀ ಚೀಲವೇ ಮುಗ್ಗಲು ವಾಸನೆ ಬರುತ್ತಿದ್ದರೆ ಆರಿಸುತ್ತಾ ಕೂರಬೇಡಿ, ಎಲ್ಲವನ್ನೂ ಬಿಸಾಡಿ. ದನಕರು, ಕೋಳಿಗೂ ಹಾಕಬೇಡಿ. ಹಸುವಿಗೆ ಹಾಕಿದ್ದು ಹಾಲಿನಲ್ಲಿ ವಾಪಸ್ ಬರುತ್ತದೆ. ಕೊಳ್ಳುವಾಗ ಬೇಕಾದಷ್ಟೇ ಕೊಂಡು, ಗಾಳಿಯಾಡದ ಡಬ್ಬದಲ್ಲಿ ಒಣ, ತಂಪು ಜಾಗದಲ್ಲಿಡಿ.

ಉಪ್ಪು ದಿನಕ್ಕೆ 5 ಗ್ರಾಂ ಒಳಗಿರಲಿ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ. ಉಪ್ಪಿನಲ್ಲೇ ನೆನೆಸಿಟ್ಟ ಪದಾರ್ಥಗಳು ಜಠರದ ಒಳಪದರವನ್ನು ಕೆಡಿಸುತ್ತವೆ. ಜಠರದ ಕ್ಯಾನ್ಸರ್‌ಗೂ ಅವಕ್ಕೂ ನಂಟಿದೆ. ಪ್ಯಾಕೆಟ್ ಮೇಲೆ ಸೋಡಿಯಂ ಅಂತ ಬರೆದಿದ್ದರೆ ಅದನ್ನು 2.5ರಿಂದ ಗುಣಿಸಿ. 800 ಮಿ.ಗ್ರಾಂ ಸೋಡಿಯಂ ಅಂದರೆ 2 ಗ್ರಾಂ ಉಪ್ಪು.

ಟೀ, ಕಾಫಿಯನ್ನು ಒಲೆಯಿಂದ ಇಳಿಸಿದ ತಕ್ಷಣ ಗಂಟಲಿಗೆ ಸುರಿದುಕೊಳ್ಳಬೇಡಿ. 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಪಾನೀಯವನ್ನು 2016ರಲ್ಲಿ 2ಎ ಗುಂಪಿಗೆ ಸೇರಿಸಿದ್ದಾರೆ, ಅನ್ನನಾಳದ ಕ್ಯಾನ್ಸರ್ ಕಾರಣಕ್ಕೆ. ಕೆಲವು ನಿಮಿಷ ಆರಿಸಿ ಕುಡಿಯಿರಿ. ಕಾಫಿಯ ಮೇಲೆ ಬೇರೆ ದೂರಿಲ್ಲ. ಕಾಫಿ ಕುಡಿಯುವವರಲ್ಲಿ ಲಿವರ್ ಕ್ಯಾನ್ಸರ್ ಕಡಿಮೆಯೇ ಕಂಡುಬಂದಿದೆ.

ಹಂತ 7: ವಿಟಮಿನ್ ಮಾತ್ರೆಗಳನ್ನು ನಂಬಿ ಕೂರಬೇಡಿ

"ಇಷ್ಟೆಲ್ಲ ಯಾಕೆ, ಒಂದು ಮಾತ್ರೆ ಇಲ್ವಾ?" ಅನ್ನುವ ಆಸೆ ಸಹಜ. ಇದನ್ನು ದೊಡ್ಡ ಮಟ್ಟದಲ್ಲಿ ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಕ್ಯಾರೆಟ್ಟಿನಲ್ಲಿರುವ ಬೀಟಾ ಕ್ಯಾರೊಟಿನ್ ಅನ್ನು ಫಿನ್ಲೆಂಡಿನಲ್ಲಿ ಧೂಮಪಾನಿ ಗಂಡಸರಿಗೆ ಮಾತ್ರೆಯಾಗಿ ಕೊಟ್ಟರು. ಆ ಪ್ರಯೋಗದಲ್ಲಿ 29 ಸಾವಿರಕ್ಕೂ ಜಾಸ್ತಿ ಜನ ಇದ್ದರು. ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಇಳಿಯಲಿಲ್ಲ, ಶೇ. 18 ಹೆಚ್ಚಾಯಿತು. ಫಲಿತಾಂಶ ಬಂದದ್ದು 1994ರಲ್ಲಿ. ಅಮೆರಿಕದಲ್ಲಿ ನಡೆಯುತ್ತಿದ್ದ ಅಂಥದ್ದೇ ಪ್ರಯೋಗವನ್ನು ಇದೇ ಕಾರಣಕ್ಕೆ 1996ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ವಿಟಮಿನ್ ಇ ಮಾತ್ರೆಯ ಕಥೆಯೂ ಹೀಗೇ. ಅದನ್ನು ತಿಂದ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 17 ಜಾಸ್ತಿ ಎಂದು 2011ರಲ್ಲಿ ಗೊತ್ತಾಯಿತು.

ಕ್ಯಾರೆಟ್ ತಿನ್ನಿ, ಭಯವಿಲ್ಲ. ತರಕಾರಿಯೊಳಗಿನ ಒಂದು ಅಂಶವನ್ನು ಬೇರೆ ತೆಗೆದು ದೊಡ್ಡ ಪ್ರಮಾಣದಲ್ಲಿ ನುಂಗುವುದು ಬೇರೆಯೇ ವಿಷಯ. ಗರ್ಭಿಣಿಯರಿಗೆ ಫೋಲಿಕ್ ಆಮ್ಲ, ಕೊರತೆ ಇರುವವರಿಗೆ ಬಿ12 ಎಂದು ಡಾಕ್ಟರ್ ಬರೆದುಕೊಟ್ಟದ್ದನ್ನು ಮಾತ್ರ ನಿಲ್ಲಿಸಬೇಡಿ.

ರಕ್ತವನ್ನು ಕ್ಷಾರೀಯ ಮಾಡಿದರೆ ಕ್ಯಾನ್ಸರ್ ಬರುವುದಿಲ್ಲ ಅಂತ ಹೇಳಿ "ಕ್ಷಾರೀಯ ಆಹಾರ", "ಕ್ಷಾರೀಯ ನೀರು" ಮಾರುವವರಿಂದಲೂ ದೂರ ಇರಿ. ರಕ್ತದ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 7.35ರಿಂದ 7.45ರ ನಡುವೆ ಇರುವಂತೆ ಶ್ವಾಸಕೋಶ ಮತ್ತು ಕಿಡ್ನಿ ಕಾಯುತ್ತವೆ. ಊಟದಿಂದ ಅದು ಬದಲಾಗುವುದಿಲ್ಲ.

ಹಂತ 8: ಊಟದಿಂದ ಆಗದ ಕೆಲಸ

ಲಿವರ್ ಕ್ಯಾನ್ಸರ್ ತಡೆಗೆ ಹೆಪಟೈಟಿಸ್ ಬಿ ಲಸಿಕೆ ಇದೆ, ಗರ್ಭಕೋಶದ ಕಂಠದ ಕ್ಯಾನ್ಸರ್ ತಡೆಗೆ ಎಚ್‌ಪಿವಿ ಎಂಬ ವೈರಸ್ ವಿರುದ್ಧದ ಲಸಿಕೆ ಇದೆ. ಇವು ಮಾಡುವ ಕೆಲಸವನ್ನು ಯಾವ ಸೊಪ್ಪೂ ಮಾಡುವುದಿಲ್ಲ. ಸ್ತನ, ಗರ್ಭಕೋಶದ ಕಂಠ, ದೊಡ್ಡ ಕರುಳಿನ ತಪಾಸಣೆ ನಿಮ್ಮ ವಯಸ್ಸಿಗೆ ಯಾವಾಗ ಬೇಕು ಅಂತ ಡಾಕ್ಟರ್ ಹತ್ತಿರ ಕೇಳಿ. ಅಪ್ಪ, ಅಮ್ಮ, ಒಡಹುಟ್ಟಿದವರಿಗೆ ಕ್ಯಾನ್ಸರ್ ಬಂದಿದ್ದರೆ ಯಾರಿಗೆ, ಎಲ್ಲಿ, ಎಷ್ಟನೇ ವಯಸ್ಸಿನಲ್ಲಿ ಎಂದು ಬರೆದುಕೊಂಡು ಹೋಗಿ.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ನುಂಗಲು ಕಷ್ಟ, ಮೂರು ವಾರ ಕಳೆದರೂ ಮಾಯದ ಬಾಯಿ ಹುಣ್ಣು, ಸ್ತನದಲ್ಲಿ ಗಂಟು. ಇವುಗಳಲ್ಲಿ ಯಾವುದು ಕಂಡರೂ "ಊಟ ಸರಿ ಮಾಡಿಕೊಂಡು ನೋಡೋಣ" ಅಂತ ಕಾಯಬೇಡಿ. ಆ ವಾರವೇ ತೋರಿಸಿ.

ಈಗಾಗಲೇ ಚಿಕಿತ್ಸೆಯಲ್ಲಿರುವವರಿಗೆ

ಮೇಲಿನ ಹಂತಗಳು ಕಾಯಿಲೆ ಬರದಂತೆ ನೋಡಿಕೊಳ್ಳಲು. ಕೀಮೊ, ರೇಡಿಯೇಶನ್ ನಡೆಯುವಾಗ ಲೆಕ್ಕವೇ ಬೇರೆ. ಆಗ ತೂಕ ಇಳಿಯದಂತೆ ಕಾಪಾಡುವುದು, ಪ್ರೋಟೀನ್ ಸಾಕಷ್ಟು ಸಿಗುವಂತೆ ನೋಡುವುದು ಮುಖ್ಯ. ಉಪವಾಸ, ಸಕ್ಕರೆ-ಧಾನ್ಯ ಪೂರ್ತಿ ಬಿಡುವ ಪಥ್ಯ, ಯಾರೋ ಹೇಳಿದ ಗಿಡಮೂಲಿಕೆ, ದೊಡ್ಡ ಪ್ರಮಾಣದ ವಿಟಮಿನ್ ಯಾವುದನ್ನೂ ಚಿಕಿತ್ಸೆ ಕೊಡುವ ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ. ಕೆಲವು ಔಷಧಿಯ ಕೆಲಸವನ್ನೇ ಕೆಡಿಸುತ್ತವೆ. ಊಟ ಸೇರದಿದ್ದರೆ, ಬಾಯಿ ಹುಣ್ಣಾಗಿದ್ದರೆ ಸಹಿಸಿಕೊಂಡು ಕೂರದೆ ಆಸ್ಪತ್ರೆಯ ಆಹಾರ ತಜ್ಞರನ್ನು ಭೇಟಿ ಮಾಡಿ. ವಾರಕ್ಕೊಮ್ಮೆ ತೂಕ ಬರೆದಿಟ್ಟು, ಪ್ರತಿ ಭೇಟಿಯಲ್ಲೂ ಅದನ್ನು ತೋರಿಸಿ.